ವಿರೂಪದಲ್ಲಿ ಶೋಕದ ರೂಪ

ದೆಹಲಿಯ ಹೌಜ್ ಖಾಸ್ ಎಂದೊಡನೆ ಅಲ್ಲಾವುದ್ದೀನ್ ಖಿಲ್ಜಿ ತೋಡಿಸಿದ ಕೆರೆ, ಅದರ ದಂಡೆಯ ಮೇಲೆ ಫಿರೋಜ್ ಷಾ ತುಘಲಕ್ ಕಟ್ಟಿಸಿದ ಮದರಸಾ, ಅಲ್ಲಿಯೇ ಇರುವ ಅವನ ಗೋರಿ ನೆನಪಿಗೆ ಬರುತ್ತವೆ. ಈ ಸ್ಮಾರಕಗಳಿಗೆ ಅಂಟಿಕೊಂಡ ಹಳ್ಳಿಯ ಇಕ್ಕಟ್ಟಾದ ಓಣಿಗಳಲ್ಲಿ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಕಲಾಗ್ಯಾಲರಿಗಳೂ ತಲೆಯೆತ್ತಿದವು. ಸ್ಮಾರಕ ನೋಡಲು ಸಂಸಾರಸಮೇತ ಬಂದವರು ಇಂಥ ಗ್ಯಾಲರಿಯನ್ನು ಹೊಕ್ಕು, ಓರೆಯಾದ ಮೂಗು, ಸ್ಥಾನ ತಪ್ಪಿದ ಕಣ್ಣುಗಳುಳ್ಳ ಭಾವಚಿತ್ರವೊಂದನ್ನು ಕಂಡರೆ, ಮನುಷ್ಯನ ಮುಖವನ್ನು ಹೀಗೇಕೆ ಕೆಡಿಸಬೇಕೆಂದು ಕೇಳುವುದು ಸಹಜ.

ಉತ್ತರ ಕನ್ನಡದ ಆಡುಮಾತಿನಲ್ಲಿಯೇ ಅಡಗಿದೆ. ಮಗನನ್ನು ಕಳೆದುಕೊಂಡ ತಾಯಿಯನ್ನು ಕುರಿತು ‘ಎದೆ ಒಡೆಯಿತು’, ‘ಕರುಳು ಕಿತ್ತು ಬಂತು’ ಎನ್ನುವುದುಂಟು. ದೇಹವನ್ನು ಹೀಗೆ ಮುರಿದು ತೋರಿಸಿದಾಗಲೇ ದುಃಖದ ಆಳ ತಿಳಿಯುತ್ತದೆ. ಮಾತು ಮಾಡುವ ಈ ಕೆಲಸವನ್ನೇ ಆಧುನಿಕ ಚಿತ್ರಕಾರನು ರೇಖೆಯಿಂದ ಮಾಡುತ್ತಾನೆ.

1937ರ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಪಟ್ಟಣದ ಮೇಲೆ ಬಾಂಬುಗಳು ಬಿದ್ದವು. ಆ ದುರಂತವನ್ನು ಬೃಹತ್ ಚಿತ್ರವಾಗಿಸಿದ ಪಿಕಾಸೊ, ಅದೇ ವರ್ಷದ ಅಕ್ಟೋಬರಿನಲ್ಲಿ ‘ಅಳುವ ಹೆಂಗಸು’ ಎಂಬ ಚಿತ್ರವನ್ನು ರಚಿಸಿದನು. ಅದಕ್ಕೆ ರೂಪದರ್ಶಿಯಾದವಳು ಛಾಯಾಚಿತ್ರಗ್ರಾಹಕಿ ದೋರಾ ಮಾರ್. ಪಕ್ಕಕ್ಕೆ ತಿರುಗಿದ ಮುಖದಲ್ಲಿಯೂ ಎರಡು ಕಣ್ಣುಗಳು ಕಾಣುತ್ತವೆ. ಕರವಸ್ತ್ರ ಒತ್ತಿದ ಬಾಯಿಯ ಸುತ್ತ ಬಣ್ಣ ಬತ್ತಿ, ಮುಖವು ಒಡೆದ ಗಾಜಿನ ಚೂರುಗಳಂತಿದೆ. ತಲೆಯ ಮೇಲೆ ಮಾತ್ರ ಹೂವಿಟ್ಟ ಕೆಂಪು ಟೋಪಿ! ಹೊರಗಿನ ಅಲಂಕಾರ ಹಾಗೆಯೇ ಇರುವಾಗ ಒಳಗೆ ಎಲ್ಲವೂ ಒಡೆದುಹೋಗಿರುವುದನ್ನು ಯಥಾವತ್ತಾದ ಭಾವಚಿತ್ರ ಹೇಳಲಾರದು.

ಇದು ಪಶ್ಚಿಮದ ಸೊತ್ತು ಮಾತ್ರವಲ್ಲ. ದೆಹಲಿಯಲ್ಲಿಯೇ, ಇಂಡಿಯಾ ಗೇಟ್ ಬಳಿಯ ಜೈಪುರ ಹೌಸ್‌ನಲ್ಲಿ 1954ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಸಂಗ್ರಹದಲ್ಲಿ ರವೀಂದ್ರನಾಥ ಠಾಕೂರರ ಚಿತ್ರಗಳಿವೆ. ರವೀಂದ್ರರು 1884ರಲ್ಲಿ ಅತ್ತಿಗೆ ಕಾದಂಬರೀ ದೇವಿಯನ್ನು, 1902ರಲ್ಲಿ ಪತ್ನಿಯನ್ನು, 1903ರಲ್ಲಿ ಮಗಳು ರೇಣುಕಾಳನ್ನು, 1907ರಲ್ಲಿ ಕಿರಿಯ ಮಗ ಶಮೀಂದ್ರನನ್ನು ಕಳೆದುಕೊಂಡರು. ಅರವತ್ತು ದಾಟಿದ ಮೇಲೆ ಚಿತ್ರ ಬರೆಯತೊಡಗಿದ ಕವಿಯ ಕೈಯಲ್ಲಿ ಕತ್ತಲಿನಿಂದ ಎದ್ದು ಬಂದಂತಹ ನೀಳ ಹೆಣ್ಣುಮುಖಗಳು ಮೂಡಿದವು. ಅವುಗಳಲ್ಲಿ ಕಾದಂಬರಿಯ ನೆರಳನ್ನು ಕಂಡ ವಿಮರ್ಶಕರುಂಟು.

ಊರಿನ ಸಾವಿನ ಸುದ್ದಿಯನ್ನು ದೂರವಾಣಿಯಲ್ಲಿ ಕೇಳಿ, ಕೆಲವೇ ದಿನಗಳಲ್ಲಿ ಕಚೇರಿಗೆ ಮರಳಬೇಕಾದ ಮಹಾನಗರವಾಸಿಗೆ ಮುಖವನ್ನು ನೆಟ್ಟಗಿಟ್ಟುಕೊಳ್ಳುವುದು ಅಭ್ಯಾಸವಾಗಿಬಿಡುತ್ತದೆ. ಮುಖ ನೆಟ್ಟಗಿದ್ದರೂ ನಿದ್ರೆ ಕೆಡಬಹುದು, ಅನ್ನ ಸೇರದಿರಬಹುದು, ಎದೆ ಭಾರವಾಗಬಹುದು. ಅಳು ದೌರ್ಬಲ್ಯವಲ್ಲ. ಆಪ್ತರೊಡನೆ ಆಡಿದ ಮಾತೋ, ಕಾಗದದ ಮೇಲೆ ಎಳೆದ ವಕ್ರವಾದ ಗೆರೆಯೋ ದುಃಖಕ್ಕೆ ಹೊರದಾರಿಯಾಗಬಲ್ಲುದು. ತಿಂಗಳುಗಳು ಕಳೆದರೂ ಅದು ಹಗುರಾಗದೆ ನಿತ್ಯದ ಬದುಕನ್ನೇ ತಡೆದರೆ, ವೈದ್ಯರನ್ನು ಕಾಣಲು ಸಂಕೋಚಪಡಬಾರದು.