ಮಟ್ಟು ಒಂದು, ಪೆಟ್ಟಿಗೆ ಹತ್ತು

ಸುಗ್ಗಿ ಮುಗಿದು ಜಾತ್ರೆಗಳು ಶುರುವಾಗುವ ಹೊತ್ತಿಗೆ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ತಾಲೀಮು ಕಾವೇರುತ್ತದೆ. ಬಹಳ ಊರುಗಳಲ್ಲಿ ಅದು ‘ಕುರುಕ್ಷೇತ್ರ’ವೇ. ಪಾತ್ರ ಮಾಡುವವರು ಹೊಲ ಉಳುವವರು, ಅಂಗಡಿ ಇಟ್ಟವರು, ಬಸ್ಸು ಓಡಿಸುವವರು. ಸಂಭಾವನೆ ಹಾಗಿರಲಿ, ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿಯುತ್ತಾರೆ. ದುರ್ಯೋಧನ, ಕೃಷ್ಣರಿಗೆ ರೇಟು ಜಾಸ್ತಿ. ಸಂಗೀತದ ಓನಾಮ ತಿಳಿಯದವರಿಗೂ ಹಾರ್ಮೋನಿಯಂ ಮೇಷ್ಟ್ರು ರಾತ್ರಿಯೆಲ್ಲ ಕೂತು ಕಂದಪದ್ಯ, ಹಾಡುಗಳನ್ನು ಬಾಯಿಗೆ ತುಂಬುತ್ತಾರೆ. ಈಚೆಗೆ ಅವರ ಪೆಟ್ಟಿಗೆಯ ಮೇಲೆ ಐದಾರು ಮೊಬೈಲುಗಳೂ ಕೂರುತ್ತಿವೆ. ರಾತ್ರಿ ಹಿಡಿದ ಮಟ್ಟು ಬೆಳಗ್ಗೆ ವಾಟ್ಸಾಪಿನಲ್ಲಿ ಪಕ್ಕದೂರಿನ ದುರ್ಯೋಧನನಿಗೂ ತಲುಪಿರುತ್ತದೆ. ಇದನ್ನು ಕಂಡು ಹಳಬರು ಹೇಳುವ ಮಾತು ಒಂದೇ: ರೆಕಾರ್ಡು ಕೇಳಿ ಕಲಿತದ್ದು ಗಿಳಿಪಾಠ, ಹೀಗಾದರೆ ಮಟ್ಟು ಕೆಟ್ಟು ಕೆರ ಹಿಡಿಯುತ್ತದೆ. ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ದೂರು ತಪ್ಪು ವಿಳಾಸಕ್ಕೆ ಹೋಗಿದೆ. ಮಟ್ಟಿಗೆ ಅಪಾಯ ತಂದದ್ದು ಎಲ್ಲರೂ ತಲೆಬಾಗಿದ ಒಂದೇ ಒಂದು ಚಂದದ ರೆಕಾರ್ಡು. ಹವ್ಯಾಸಿಗಳು ಹಂಚಿಕೊಳ್ಳುವ ಹತ್ತಾರು ಒರಟು ರೆಕಾರ್ಡುಗಳು ಆ ಅಪಾಯಕ್ಕೆ ಮದ್ದಾಗಿವೆ ಎಂಬುದು ಈ ಲೇಖನದ ವಾದ.

ಮೊದಲಿಗೆ, ಮಟ್ಟು ಎಂದೂ ಒಂದೇ ಕಡೆ ನಿಂತ ನೀರಾಗಿರಲಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ, ಮುಂದೆ ವೀರಣ್ಣನವರ ಕೈಯಲ್ಲಿ ನಾಡೆಲ್ಲ ಸುತ್ತಿದ ಗುಬ್ಬಿ ಕಂಪನಿಯಾಯಿತು. ಆ ಕಾಲದ ಕಂಪನಿಗಳ ಹಾಡುಗಳಲ್ಲಿ ಸ್ವಂತ ಸ್ವತ್ತೆಷ್ಟು, ಕಡ ತಂದದ್ದೆಷ್ಟು ಎಂದು ಬೇರ್ಪಡಿಸಲು ಹೊರಟವರು ಸೋಲುತ್ತಾರೆ. ಕರ್ನಾಟಕ ಸಂಗೀತದ ಕೃತಿ, ಜಾವಳಿ, ಮರಾಠಿ ನಾಟ್ಯಗೀತೆ, ಪಾರ್ಸಿ ಕಂಪನಿಗಳ ಧಾಟಿ, ಎಲ್ಲವೂ ಅಲ್ಲಿ ಬೆರೆತಿದ್ದವು. ಅಚ್ಚಾದ ನಾಟಕದ ಪುಸ್ತಕಗಳಲ್ಲಿ ಹಾಡಿನ ನೆತ್ತಿಯ ಮೇಲೆ ರಾಗ, ತಾಳದ ಜೊತೆಗೆ ಇಂಥ ಹಾಡಿನ ಮಟ್ಟು ಎಂದು ಮತ್ತೊಂದು ಹಾಡಿನ ಹೆಸರು ಇರುತ್ತಿದ್ದುದೇ ಇದಕ್ಕೆ ಸಾಕ್ಷಿ. ಸ್ವರಲಿಪಿ ಇಲ್ಲ, ಆ ಇನ್ನೊಂದು ಹಾಡು ನಿಮಗೆ ಗೊತ್ತಿದೆ ಎಂಬ ನಂಬಿಕೆ ಮಾತ್ರ. ತುಮಕೂರಿಗೆ ಹತ್ತಿರದ ಬೆಳ್ಳಾವೆಯ ನರಹರಿ ಶಾಸ್ತ್ರಿಗಳು ಗುಬ್ಬಿ ಕಂಪನಿಗೆ ‘ಕೃಷ್ಣಲೀಲಾ’ದಂಥ ನಾಟಕ ಬರೆದರು; 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೆ ಸಾಹಿತ್ಯ ಒದಗಿಸಿದವರೂ ಅವರೇ. ಅಂಥ ಕವಿಗಳ ಪದಗಳು ಪುಸ್ತಕದಲ್ಲಿ ಉಳಿದವು. ಮಟ್ಟು ಉಳಿದದ್ದು ಬಾಯಿಂದ ಬಾಯಿಗೆ, ಹಾಗೂ ಪ್ರತಿ ಬಾಯಿಯಲ್ಲೂ ಒಂದಿಷ್ಟು ಬದಲಾಗಿ. ನಾಟಕ ನೋಡಲು ಬಂದವರು ಮರುದಿನ ಗದ್ದೆಯಲ್ಲಿ ಗುನುಗಿದ್ದೇ ಅಂದಿನ ಕಾಪಿ. ‘ಒನ್ಸ್ ಮೋರ್’ ಬಿದ್ದಾಗ ನಟ ಎರಡನೆಯ ಸಲ ಅದನ್ನೇ ಮೊದಲಿನಂತೆ ಹಾಡಿದರೆ ಜನಕ್ಕೆ ರುಚಿಸುತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು.

ಆಮೇಲೆ ಬಂದದ್ದು ಗ್ರಾಮಫೋನು. ಭಾರತದಲ್ಲಿ ವ್ಯಾಪಾರಕ್ಕಾಗಿ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಹತ್ತು ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ರಂಗದ ಮೇಲೆ ಹತ್ತು ನಿಮಿಷ ಬೆಳೆಯುತ್ತಿದ್ದ ಹಾಡನ್ನು ಕತ್ತರಿಸಿ, ಆಲಾಪಕ್ಕೆ ಕತ್ತರಿ ಹಾಕಿ, ಚರಣ ಬಿಟ್ಟು, ವೇಗ ಏರಿಸಿ ಆ ಮೂರು ನಿಮಿಷಕ್ಕೆ ತೂರಿಸಬೇಕಾಯಿತು. ತಟ್ಟೆಯೊಳಗೆ ಮತ್ತೊಂದು ಗುಟ್ಟೂ ಇದೆ. 78 ಸುತ್ತಿನವು ಎನ್ನುವ ಹಳೆಯ ತಟ್ಟೆಗಳೆಲ್ಲ ಸರಿಯಾಗಿ 78ರ ವೇಗದಲ್ಲಿ ಮುದ್ರಣವಾದವಲ್ಲ. ಸ್ವಲ್ಪ ಹೆಚ್ಚೂ ಇತ್ತು, ಕಡಿಮೆಯೂ ಇತ್ತು. ವೇಗ ನೂರಕ್ಕೆ ಆರರಷ್ಟು ಏರಿದರೆ ಶ್ರುತಿ ಹಾರ್ಮೋನಿಯಂನಲ್ಲಿ ಒಂದು ಪೂರ್ತಿ ಕೀಲಿ ಮೇಲಕ್ಕೆ ಹೋಗುತ್ತದೆ. ಮೈಕಿಲ್ಲದ ಕಾಲದ ನಟರು ಏರುಶ್ರುತಿಯಲ್ಲೇ ಹಾಡುತ್ತಿದ್ದರು, ನಿಜ. ಆದರೆ ಅವರ ಶ್ರುತಿಯ ಬಗ್ಗೆ ಇಂದು ಹೇಳುವ ದಂತಕಥೆಗಳಲ್ಲಿ ಕೆಲವನ್ನು ಹುಟ್ಟಿಸಿದ್ದು ಗಂಟಲಲ್ಲ, ಗ್ರಾಮಫೋನಿನ ಸ್ಪ್ರಿಂಗು ಇರಬಹುದು. ಹೀಗೆ ಸಮಯ, ವೇಗ, ಶ್ರುತಿ ಮೂರರಲ್ಲೂ ಬದಲಾದ ವಸ್ತುವೇ ‘ಅಸಲು’ ಎಂಬ ಪಟ್ಟ ಪಡೆಯಿತು.

ಇದು ನಮ್ಮಲ್ಲಷ್ಟೇ ನಡೆದದ್ದಲ್ಲ. ಐರ್ಲೆಂಡಿನ ಕುಣಿತದ ಧಾಟಿಗಳನ್ನು ಪಿಟೀಲಿನಲ್ಲೂ ಮ್ಯಾಂಡೊಲಿನ್‌ನಲ್ಲೂ ನುಡಿಸುವ ಹವ್ಯಾಸಿಗಳು ಜಗತ್ತಿನಾದ್ಯಂತ ಇದ್ದಾರೆ. ಅವರೆಲ್ಲ ಬಲ್ಲ ಹೆಸರು ಮೈಕೆಲ್ ಕೋಲ್ಮನ್, ನಮ್ಮ ವೀರಣ್ಣನವರಂತೆ 1891ರಲ್ಲೇ ಹುಟ್ಟಿದಾತ. ಐರ್ಲೆಂಡಿನ ಸ್ಲೈಗೊ ಸೀಮೆಯಿಂದ ಅಮೆರಿಕಕ್ಕೆ ಹೋದ ಆ ಪಿಟೀಲುಗಾರ 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ನುಡಿಸಿದ ತಟ್ಟೆಗಳು ಸಮುದ್ರ ದಾಟಿ ಊರಿಗೆ ವಾಪಸಾದವು. ಅಲ್ಲಿನ ಹಳ್ಳಿಯ ವಾದಕರು ಅವನ್ನು ಅಕ್ಷರಶಃ ಅನುಕರಿಸತೊಡಗಿದರು. ಬೇರೆ ಬೇರೆ ಸೀಮೆಗಳ ವರಸೆಗಳು ಸ್ಲೈಗೊ ಶೈಲಿಯ ನೆರಳಿಗೆ ಸರಿದವು. ಕೋಲ್ಮನ್ ಮಹಾ ವಾದಕ, ಅದರಲ್ಲಿ ಎರಡು ಮಾತಿಲ್ಲ. ತಟ್ಟೆಗಳು ಕೆಟ್ಟವಾಗಿದ್ದರೆ ಈ ತೊಂದರೆಯೇ ಆಗುತ್ತಿರಲಿಲ್ಲ. ಅಷ್ಟು ಚೆನ್ನಾಗಿದ್ದುದರಿಂದ, ಜೊತೆಗೆ ಹೋಲಿಸಿ ನೋಡಲು ಬೇರೆ ತಟ್ಟೆಗಳು ವಿರಳವಾಗಿದ್ದುದರಿಂದ ಅವೇ ಕಾನೂನಾದವು.

ಕುಣಿಗಲ್ ಕೆರೆಯ ಮೇಲಿನ ಜನಪದ ಹಾಡನ್ನು ಇದೇ ಕಣ್ಣಿನಿಂದ ನೋಡಿ. ಹಾಡು ಆ ಕೆರೆಯ ಸೊಬಗಿನದು, ಆದರೆ ಅದು ಗೊತ್ತಿರದ ಕನ್ನಡದ ಮನೆ ಕಡಿಮೆ. ಕ್ಯಾಸೆಟ್ಟಿನ ದಿನಗಳಲ್ಲಿ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಅದು ಪಡೆದ ರೂಪಕ್ಕೆ ವಾದ್ಯವೃಂದದ ಪೀಠಿಕೆ, ಇಂಥಿಷ್ಟೇ ಚರಣ, ಇಂಥದ್ದೇ ನಡೆ ಎಂಬ ಚೌಕಟ್ಟು ಬಂತು. ಈಗ ಅದನ್ನು ಕೀಬೋರ್ಡಿನಲ್ಲೋ ಕೊಳಲಿನಲ್ಲೋ ಕಲಿಯುವ ಹುಡುಗ ಆ ಪೀಠಿಕೆಯನ್ನೂ ಹಾಡಿನ ಭಾಗವೆಂದೇ ಕಲಿಯುತ್ತಾನೆ. ಹೊಲದ ಬದುವಿನಲ್ಲಿ ಒಬ್ಬಾಕೆ ಹೇಳಿ ಉಳಿದವರು ಸೊಲ್ಲು ಹಿಡಿಯುವ ರೀತಿಗೆ ಪೀಠಿಕೆ ಎಲ್ಲಿಂದ ಬರಬೇಕು? ಕ್ಯಾಸೆಟ್ಟು ಆ ಹಾಡನ್ನು ನಾಡಿಗೆಲ್ಲ ಹಂಚಿದ್ದು ದೊಡ್ಡ ಉಪಕಾರವೇ. ಆದರೂ ಕೆರೆಯ ಸುತ್ತಲ ಊರಿನ ಹೆಂಗಸರ ದನಿಯಲ್ಲಿ, ತಂಬೂರಿ, ತಬಲವಿಲ್ಲದೆ ಹಿಡಿದ ಒಂದೆರಡು ರೆಕಾರ್ಡು ಜೊತೆಗಿದ್ದರೆ ಆ ಹುಡುಗನಿಗೆ ಯಾವುದು ಹಾಡು, ಯಾವುದು ಅಲಂಕಾರ ಎಂದು ಯಾರೂ ಹೇಳಬೇಕಿರಲಿಲ್ಲ.

ರಂಗಗೀತೆಯ ಕಷ್ಟ ಇನ್ನೂ ಒಂದು ತೂಕ ಹೆಚ್ಚು. ಅದರ ಜೀವಾಳವಾದ ಹಾರ್ಮೋನಿಯಂಗೆ ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಬಾಗಿಲು ಹಾಕಿತು. ಗಮಕ ಬಾರದ ಪರದೇಶಿ ಪೆಟ್ಟಿಗೆ ಎಂಬುದು ದೂರು. ಆ ನಿರ್ಬಂಧ ಸಡಿಲವಾಗಿದ್ದು 1970ರ ದಶಕದ ಆರಂಭದಲ್ಲಿ. 1935ರಲ್ಲಿ ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಆಕಾಶವಾಣಿಯೂ 1950ರಲ್ಲಿ ಅದೇ ಜಾಲ ಸೇರಿತು. ಹೀಗಾಗಿ ಬಾನುಲಿಯ ಭಂಡಾರದಲ್ಲಿ ಕಂಪನಿ ನಾಟಕದ ಹಾಡು, ಅದರ ಸಹಜ ಪೆಟ್ಟಿಗೆಯೊಂದಿಗೆ, ದಂಡಿಯಾಗಿ ಇರಬೇಕೆಂದು ನಿರೀಕ್ಷಿಸುವುದೇ ತಪ್ಪು. ಬಾಲಕನಾಗಿ ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು ಆ ಮಟ್ಟುಗಳನ್ನು ಹೊಸ ರಂಗಭೂಮಿಗೆ ತಂದರು. ಪರಮಶಿವನ್, ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವನ್ನು ಹಾಡಿ ಉಳಿಸಿದರು. ಇಂದು ರಂಗಗೀತೆ ಎಂದು ಹುಡುಕಿದರೆ ಎದುರಾಗುವುದು ಬಹುಪಾಲು ಅಂಥ ದೊಡ್ಡವರ ದನಿಯೇ. ಗುಬ್ಬಿ ಸೀಮೆಯ ಒಬ್ಬ ಹೆಸರಿಲ್ಲದ ಮೇಷ್ಟ್ರು ಅದೇ ಹಾಡನ್ನು ಹಳ್ಳಿಯ ಭೀಮನ ದಪ್ಪ ಗಂಟಲಿಗೆ ಹೇಗೆ ಬಗ್ಗಿಸಿದರು ಎಂಬುದಕ್ಕೆ ದಾಖಲೆ ಯಾವುದು? ‘ಕುರುಕ್ಷೇತ್ರ’ದ ಕಂದಗಳಿಗಂತೂ ತಟ್ಟೆಯ ಮೂರು ನಿಮಿಷದ ಲೆಕ್ಕ ಒಗ್ಗುವುದೇ ಇಲ್ಲ. ತಾಳವಿಲ್ಲದೆ, ಪಾತ್ರಧಾರಿಯ ಉಸಿರು ಇರುವಷ್ಟು ಎಳೆದು, ಕೊನೆಯ ಸಾಲಿನಲ್ಲಿ ಚಪ್ಪಾಳೆಗೆ ಕಾಯುವ ಪದ್ಯ ಅದು. ಅದನ್ನು ಈಗ ಹೆಚ್ಚಾಗಿ ಹಿಡಿದಿಡುತ್ತಿರುವುದು ಮೊಬೈಲು.

ಹಾಗಾದರೆ ಗಿಳಿಪಾಠದ ಆಕ್ಷೇಪಣೆಗೆ ಏನು ಉತ್ತರ? ತಾಲೀಮಿನಲ್ಲಿ ಕಲಿಕೆ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಮೇಷ್ಟ್ರು ಪಲ್ಲವಿಯ ಅರ್ಧ ಸಾಲು ನುಡಿಸಿ ಹಾಡುತ್ತಾರೆ, ಪಾತ್ರಧಾರಿ ಒಪ್ಪಿಸುತ್ತಾನೆ. ಹೊಸಬ ಎಡವುವುದು ಸ್ವರದಲ್ಲಿ ಕಡಿಮೆ, ಎತ್ತುಗಡೆಯಲ್ಲಿ ಹೆಚ್ಚು. ತಾಳದ ಮೊದಲ ಪೆಟ್ಟು ಬಿದ್ದು ಅರ್ಧ ಮಾತ್ರೆ ಕಳೆದ ಮೇಲೆ ಹಾಡು ಏಳಬೇಕಾದರೆ ಅವನು ಪೆಟ್ಟಿನ ಮೇಲೇ ಎದ್ದುಬಿಡುತ್ತಾನೆ. ಎರಡು ಸಾಲು ಹೋಗುವಷ್ಟರಲ್ಲಿ ತಬಲ ಒಂದು ದಾರಿ, ಹಾಡು ಒಂದು ದಾರಿ. ಮೇಷ್ಟ್ರು ಪೆಟ್ಟಿಗೆಯ ಪಕ್ಕ ತಟ್ಟಿ, ಇಲ್ಲಿ ತಡಿ, ಈಗ ಏಳು ಎಂದು ಹತ್ತು ಸಲ ಹೇಳಿದರೆ ಮಾತ್ರ ಅದು ಕೂರುತ್ತದೆ. ಈಗ ಸ್ಟುಡಿಯೊ ರೆಕಾರ್ಡು ಕೇಳಿ. ಪಿಟೀಲುಗಳ ಗುಂಪು ಸೊಗಸಾಗಿ ಹಾಸಿದ ಪೀಠಿಕೆಯ ಮೇಲೆ ಹಾಡು ತೇಲಿ ಬರುತ್ತದೆ, ಪೆಟ್ಟು ಎಲ್ಲಿ ಬಿತ್ತೆಂದು ಕಲಿಯುವವನಿಗೆ ಹೊಳೆಯುವುದಿಲ್ಲ. ತಾಲೀಮಿನ ಮೊಬೈಲ್ ರೆಕಾರ್ಡಿನಲ್ಲಿ ನಾಯಿ ಬೊಗಳುತ್ತದೆ, ಯಾರೋ ಕಾಫಿ ಕೇಳುತ್ತಾರೆ, ನಿಜ. ಆದರೆ ಮೇಷ್ಟ್ರು ತಟ್ಟಿದ್ದೂ, ತಡೆದು ನಿಲ್ಲಿಸಿದ್ದೂ, ಮತ್ತೆ ಹೇಳಿಸಿದ್ದೂ ಅದರಲ್ಲಿದೆ. ಮುಗಿದ ಹಾಡಿಗಿಂತ ಕಲಿಯುವವನಿಗೆ ಬೇಕಾದದ್ದು ಅದು. ಈಗಿನ ಫೋನುಗಳಲ್ಲಿ ಶ್ರುತಿ ಇಳಿಯದಂತೆ ವೇಗ ಮಾತ್ರ ತಗ್ಗಿಸಿ ಕೇಳಬಹುದು. ಬ್ಯಾಟರಿ ಸೊರಗಿದ ಟೇಪ್ ರೆಕಾರ್ಡರಿನಲ್ಲಿ ಹಾಡೇ ಗೊಗ್ಗರಾಗುತ್ತಿದ್ದ ಕಾಲದವರಿಗೆ ಇದು ದೊಡ್ಡ ವರ.

ಆದರೂ ರೆಕಾರ್ಡು ಎಂದಿಗೂ ನಿಮ್ಮನ್ನು ತಿದ್ದುವುದಿಲ್ಲ, ಇದು ಒಪ್ಪಬೇಕಾದ ಮಾತು. ಕಿವಿಗೆ ಹಾಕಿಕೊಂಡು ನೂರು ಸಲ ಕೇಳಿದವನು ತನ್ನ ತಪ್ಪನ್ನೇ ನೂರು ಸಲ ಗಟ್ಟಿ ಮಾಡಿಕೊಂಡಿರಬಹುದು. ವ್ಯತ್ಯಾಸ ಆಗುವುದು ಅವನು ತನ್ನ ದನಿಯನ್ನೂ ಹಿಡಿದು ಕಳಿಸಿದಾಗ. ಮೇಷ್ಟ್ರೋ, ಇನ್ನೊಂದೂರಿನ ಹಳೆಯ ಶಕುನಿಯೋ ಕೇಳಿ, ಚರಣದಲ್ಲಿ ಎತ್ತುಗಡೆ ತಪ್ಪಿದೆ ಎಂದು ಹಾಡಿಯೇ ಉತ್ತರಿಸಿದರೆ, ಅಲ್ಲಿ ಪಾಠ ನಡೆದಂತೆ. ತಟ್ಟೆಯೂ ಕ್ಯಾಸೆಟ್ಟೂ ಒಮ್ಮುಖದವು. ಅವುಗಳಿಗೆ ಮರುನುಡಿ ಇರಲಿಲ್ಲ. ಈ ಕೊಡುಕೊಳ್ಳುವಿಕೆ ಬರೀ ಕೇಳುವುದಕ್ಕಷ್ಟೇ ನಿಂತುಹೋದ ಕಡೆ ಹಳಬರ ದೂರು ಪೂರಾ ಸರಿ, ಅಲ್ಲಿ ಗಿಳಿಗಳೇ ಹುಟ್ಟುತ್ತವೆ.

ತಪ್ಪು ಮಟ್ಟೇ ಊರೂರಿಗೆ ಹರಡಿದರೆ ಎಂಬ ಭಯವೂ ಇದೆ. ಇಲ್ಲಿ ಎರಡನ್ನು ಬೇರೆ ಮಾಡಿ ನೋಡಬೇಕು. ಪದ ತಿರುಚುವುದು, ತಾಳ ಜಾರುವುದು ತಪ್ಪು. ಪುಸ್ತಕ ತೆರೆದೋ ತಬಲದವರನ್ನು ಕೇಳಿಯೋ ತಿದ್ದಬಹುದು. ಒಂದು ಕಡೆ ಕಾಪಿ ರಾಗದ ಪಲುಕು ಇನ್ನೊಂದು ಕಡೆ ಬೇರೆಯಾಗಿ ತಿರುಗುವುದು ತಪ್ಪಲ್ಲ, ಅದು ಊರಿನ ವರಸೆ. ಒಂದೇ ರೆಕಾರ್ಡು ಕೈಯಲ್ಲಿದ್ದರೆ ಈ ಎರಡರ ಭೇದ ತಿಳಿಯಲು ದಾರಿಯೇ ಇಲ್ಲ. ಐದು ಊರಿನ ಐದು ರೆಕಾರ್ಡು ಪಕ್ಕಪಕ್ಕ ಇಟ್ಟರೆ ಎಲ್ಲದರಲ್ಲೂ ಕದಲದೆ ಇರುವ ಭಾಗ ಮಟ್ಟಿನ ಬೆನ್ನುಮೂಳೆ ಎಂದು ತಾನೇ ಗೊತ್ತಾಗುತ್ತದೆ, ಉಳಿದದ್ದು ಹಾಡುವವರ ಸ್ವಾತಂತ್ರ್ಯ. ವಿದ್ವಾಂಸರು ಹಸ್ತಪ್ರತಿಗಳನ್ನು ಹೋಲಿಸಿ ಪಾಠ ನಿರ್ಣಯಿಸುವುದೂ ಹೀಗೆಯೇ ತಾನೆ.

ಹಕ್ಕಿನ ಪ್ರಶ್ನೆಯನ್ನು ಮಾತ್ರ ತೇಲಿಸಿಬಿಡುವಂತಿಲ್ಲ. 1957ರ ಹಕ್ಕುಸ್ವಾಮ್ಯ ಕಾಯಿದೆ ಈಗಿರುವಂತೆ ಧ್ವನಿಮುದ್ರಣಕ್ಕೆ ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ, ಸಾಹಿತ್ಯಕ್ಕೆ ಬರೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ ರಕ್ಷಣೆ ಕೊಡುತ್ತದೆ. 1961ರಲ್ಲಿ ತೀರಿಕೊಂಡ ನರಹರಿ ಶಾಸ್ತ್ರಿಗಳ ಪದಗಳು 2021ರ ಕೊನೆಗೆ ಎಲ್ಲರವೂ ಆದವು. 1940, 50ರ ದಶಕದ ತಟ್ಟೆಗಳ ಧ್ವನಿಮುದ್ರಣದ ಹಕ್ಕಿನ ಅವಧಿಯೂ ಮುಗಿದಿದೆ. ಆದರೆ 1980ರ ದಶಕದ ಕ್ಯಾಸೆಟ್ಟಿನ ಹಾಡನ್ನು ಸ್ವಂತ ಕಲಿಕೆಗೆ ಕೇಳುವುದು ಬೇರೆ, ಹಾಗೇ ಎತ್ತಿ ಲೋಕಕ್ಕೆಲ್ಲ ಹಂಚುವುದು ಬೇರೆ. ತಾಲೀಮಿನಲ್ಲಿ ಹಿಡಿದದ್ದಕ್ಕೂ ಒಂದು ಮರ್ಯಾದೆ ಇದೆ: ಹೇಳಿಕೊಡುವುದೇ ಮೇಷ್ಟ್ರ ಜೀವನೋಪಾಯ, ಅವರನ್ನು ಕೇಳದೆ ಅವರ ಪಾಠವನ್ನು ಊರಿಗೆಲ್ಲ ಹಂಚುವುದು ಸಲ್ಲ. ಕೇಳಿದರೆ ಬಹುಪಾಲು ಮೇಷ್ಟ್ರುಗಳು ಬೇಡ ಅನ್ನುವವರಲ್ಲ, ತಮ್ಮ ಹೆಸರು ಹಾಕಿರಬೇಕು ಅಷ್ಟೆ.

ಆ ಹೆಸರೇ ಈಗ ಇಲ್ಲವಾಗುತ್ತಿರುವುದು. ಹತ್ತು ಸಲ ಫಾರ್ವರ್ಡ್ ಆದ ರೆಕಾರ್ಡಿನ ಮೇಲೆ ಒಂದಿಷ್ಟು ಅಂಕಿಗಳಿರುತ್ತವೆ. ಯಾರು ಹಾಡಿದ್ದು, ಯಾವೂರು, ಯಾವ ನಾಟಕದ ಯಾವ ದೃಶ್ಯ ಎಂಬುದು ಇರುವುದಿಲ್ಲ. ಫೋನು ಬದಲಿಸಿದಾಗ ಆ ರೆಕಾರ್ಡೂ ಹೋಗುತ್ತದೆ. ಒಂದೇ ಸಮನೆ ಬರುವ ಸದ್ದನ್ನು ಗದ್ದಲವೆಂದು ತಿಳಿದು ತಗ್ಗಿಸುವ ಚಾಳಿ ಕೆಲವು ಫೋನುಗಳಿಗಿದೆ, ಹಾಗಾಗಿ ಹಾಡಿನ ಕೆಳಗಿನ ಶ್ರುತಿಯೇ ಎಷ್ಟೋ ಸಲ ಮಾಯ. ಹಾಡು ಶುರುವಾಗುವ ಮೊದಲು ಮೇಷ್ಟ್ರಿಂದ ಷಡ್ಜವನ್ನು ಒಂದು ಸಲ ಒತ್ತಿಸಿ, ಎಷ್ಟು ಮನೆ ಶ್ರುತಿ, ಯಾವ ಊರು, ಯಾವ ವರ್ಷ ಎಂದು ಬಾಯಲ್ಲೇ ಹೇಳಿ, ಆಮೇಲೆ ಹಾಡಿಸಿದರೆ ಆಯಿತು. ಫೈಲಿನ ಹೆಸರು ಅಳಿಸಿದರೂ ಆ ದನಿ ರೆಕಾರ್ಡಿನೊಳಗೇ ಇರುತ್ತದೆ, ಅದಕ್ಕೆ ಹಿಡಿಯುವುದು ಅರ್ಧ ನಿಮಿಷ.