ಮೇಜಿನ ಖಾನೆಯಲ್ಲಿ ಉಳಿದ ಪ್ರಶ್ನಾವಳಿ

ರೋಗಿಯ ಪ್ರಶ್ನೆಗೆ ಉತ್ತರಿಸುವುದು ವೈದ್ಯನ ಧರ್ಮ. ಆದರೆ ಸಂಶೋಧಕರು ಕೇಳಿದಾಗ ವೈದ್ಯರಾದ ನಾವು ಅನೇಕ ವೇಳೆ ಮೌನ ವಹಿಸುತ್ತೇವೆ. ಕೆಲವು ವರ್ಷಗಳ ಹಿಂದೆ, ಮಧುಮೇಹಿಗಳು ಮಾತ್ರೆಗಳೊಡನೆ ಕಷಾಯ, ಚೂರ್ಣಗಳನ್ನೂ ಸೇವಿಸುತ್ತಾರೆಯೇ ಎಂದು ವಿಚಾರಿಸುವ ಪ್ರಶ್ನಾವಳಿಯೊಂದು ಹುಬ್ಬಳ್ಳಿಯ ನಮ್ಮ ಚಿಕಿತ್ಸಾಲಯಕ್ಕೆ ಬಂದಿತ್ತು. ಕುಂದಗೋಳ, ನವಲಗುಂದ, ಕಲಘಟಗಿಗಳಿಂದ ಬಂದವರ ಸಾಲು ದೊಡ್ಡದೆಂಬ ನೆಪದಿಂದ ಅದನ್ನು ಮೇಜಿನ ಖಾನೆಯಲ್ಲಿಟ್ಟು ಮರೆತೆವು. ಮುಂದೊಂದು ದಿನ, ಎರಡೂ ಬಗೆಯ ಔಷಧಗಳನ್ನು ಸೇವಿಸಿ ರಕ್ತದ ಸಕ್ಕರೆ ತೀರ ಇಳಿದ ಹಿರಿಯರೊಬ್ಬರು ಬೆವರುತ್ತ, ನಡುಗುತ್ತ ನಮ್ಮೆದುರು ಕುಳಿತಾಗ ಆ ಹಾಳೆಗಳು ನೆನಪಾದವು.

ಇದು ನಮ್ಮೊಬ್ಬರ ದೋಷವಲ್ಲ. 1997ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ, ಅಂಚೆಯ ಪ್ರಶ್ನಾವಳಿಗಳಿಗೆ ಇತರರು ಸರಾಸರಿ ಶೇ. 68ರಷ್ಟು ಉತ್ತರಿಸಿದ್ದರೆ, ವೈದ್ಯರು ಉತ್ತರಿಸಿದ್ದು ಶೇ. 54ರಷ್ಟು ಮಾತ್ರ. ಉತ್ತರಗಳು ಕಡಿಮೆಯಾದರೆ ನಷ್ಟ ಕೇವಲ ಸಂಖ್ಯೆಯದಲ್ಲ. ಬಿಡುವುಳ್ಳವರು, ಆ ವಿಷಯದಲ್ಲಿ ಆಸಕ್ತಿಯುಳ್ಳವರು ಮಾತ್ರ ಉತ್ತರಿಸಿರಬಹುದು. ದಾಸೋಹದ ಪಂಕ್ತಿಯಲ್ಲಿ ಉಂಡೇಳುವವರನ್ನಷ್ಟೇ ಕೇಳಿ, ಊರಿನಲ್ಲಿ ಹಸಿದವರೇ ಇಲ್ಲವೆಂದು ನಿರ್ಣಯಿಸಿದಂತೆ ಆಗುತ್ತದೆ. ಅಂಥ ನಿರ್ಣಯದ ಮೇಲೆ ರೂಪುಗೊಂಡ ಸಲಹೆ ಕೊನೆಗೆ ರೋಗಿಯನ್ನೇ ದಾರಿ ತಪ್ಪಿಸುತ್ತದೆ.

ಕ್ಷಯರೋಗಿಗಳ ವಿವರವನ್ನು ಸರ್ಕಾರಕ್ಕೆ ತಿಳಿಸುವುದು 2012ರಿಂದ ಖಾಸಗಿ ವೈದ್ಯರಿಗೂ ಕಡ್ಡಾಯವಾಗಿದೆ. ಸಂಶೋಧನೆಯ ಪ್ರಶ್ನಾವಳಿಗೆ ಅಂಥ ಕಟ್ಟಳೆಯಿಲ್ಲ. ವೈದ್ಯರ ಮನಸ್ಸನ್ನೇ ಒಲಿಸಬೇಕು. ಅದಕ್ಕೆ ಪರೀಕ್ಷಿಸಿ ಕಂಡುಕೊಂಡ ಉಪಾಯಗಳಿವೆ. ಪ್ರಶ್ನೆಗಳು ಕೆಲವೇ ಇರಬೇಕು. ಮೊದಲೇ ಸೂಚನೆ ನೀಡಬೇಕು. ಉತ್ತರ ಬಾರದಿದ್ದರೆ ಪ್ರಶ್ನಾವಳಿಯ ಮತ್ತೊಂದು ಪ್ರತಿಯೊಡನೆ ನೆನಪಿಸಬೇಕು. ಅಂಚೆಚೀಟಿ ಹಚ್ಚಿದ ಮರುಲಕೋಟೆ ಇಡಬೇಕು. ಉತ್ತರ ಬಂದ ಮೇಲೆ ಕೊಡುವೆವೆಂಬ ದೊಡ್ಡ ಮೊತ್ತಕ್ಕಿಂತ ಮೊದಲೇ ಇಟ್ಟ ಅಲ್ಪ ಗೌರವಧನ ಹೆಚ್ಚು ಫಲ ಕೊಡುತ್ತದೆ. ಮಿಂಚಂಚೆಯೊಂದನ್ನೇ ನಂಬದೆ ಕಾಗದ, ದೂರವಾಣಿಗಳನ್ನೂ ಬಳಸುವುದು ಲೇಸು. ಇವೆಲ್ಲಕ್ಕೂ ಮಿಗಿಲಾಗಿ, ಅಧ್ಯಯನದ ಫಲಿತಾಂಶವನ್ನು ಉತ್ತರಿಸಿದ ವೈದ್ಯರಿಗೆ ತಿಳಿಸಬೇಕೆಂಬುದು ನಮ್ಮ ಅಭಿಪ್ರಾಯ.

ಭಕ್ತರ ಪಾಲೂ ಇದರಲ್ಲಿದೆ. ತಾವು ಸೇವಿಸುವ ಪ್ರತಿಯೊಂದು ಔಷಧವನ್ನೂ, ಮನೆಯ ಕಷಾಯವನ್ನೂ ಒಳಗೊಂಡು, ವೈದ್ಯರಿಗೆ ಮುಚ್ಚಿಡದೆ ಹೇಳಿರಿ. ರೋಗಿ ಹೇಳದಿದ್ದುದನ್ನು ವೈದ್ಯ ಬರೆಯಲಾರ. ತಮ್ಮ ಮನೆಯಲ್ಲಿ ವೈದ್ಯರಿದ್ದರೆ ಈ ಮಾತನ್ನು ಅವರಿಗೆ ಮುಟ್ಟಿಸಿರಿ. ನಾವಂತೂ ಈಗ ಬಂದ ಪ್ರಶ್ನಾವಳಿಯನ್ನು ಖಾನೆಗೆ ಹಾಕುವುದಿಲ್ಲ. ಅಂದಿನ ರಾತ್ರಿಯೇ ತುಂಬಿ ಕಳುಹಿಸುತ್ತೇವೆ. ಹತ್ತು ನಿಮಿಷದ ಆ ಕೆಲಸವೂ ರೋಗಿಯ ಸೇವೆಯೇ.