ಶುದ್ಧೀಕರಿಸಿದ ಕೊಳಚೆ ನೀರಿನಲ್ಲಿ ಪರೋಪಜೀವಿಗಳ ಶೋಧ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರೈಲುಮಾರ್ಗದಲ್ಲಿ ದೇಸೂರ ಒಂದು ಚಿಕ್ಕ ನಿಲ್ದಾಣ. ಹಳೆಯ ಕಾಗದಪತ್ರಗಳನ್ನು ಅರಸಿಕೊಂಡು ನಾವು ಆ ಊರಿಗೆ ಹೋಗಿದ್ದಾಗ ಭತ್ತ ಬೆಳೆಯುವ ಹಿರಿಯರೊಬ್ಬರು ನಮ್ಮನ್ನು ಕೇಳಿದರು: "ಗಟಾರದ ನೀರು ಶುದ್ಧ ಮಾಡಿ ಕೊಟ್ರ ಹೊಲಕ್ಕ ಬಿಡಬಹುದೇನ್ರಿ ಸರ?" ಇತಿಹಾಸದ ಉಪನ್ಯಾಸಕರನ್ನು ಕೇಳತಕ್ಕ ಪ್ರಶ್ನೆ ಇದಲ್ಲ. ಆದರೆ ಉತ್ತರವನ್ನು ಹುಡುಕುತ್ತ ಹೋದಂತೆ, ಇದು ಮೂಲತಃ ಆಧಾರಗಳ ಪರೀಕ್ಷೆಯ ಪ್ರಶ್ನೆಯೆಂದೂ, ಆದುದರಿಂದ ನಮ್ಮ ಶಾಸ್ತ್ರಕ್ಕೆ ತೀರ ಹೊರಗಿನದಲ್ಲವೆಂದೂ ನಮಗೆ ತೋರಿತು.

ಪ್ರಶ್ನೆ ಕಾಲ್ಪನಿಕವೂ ಅಲ್ಲ. ಬೆಳಗಾವಿಯ ಬಳ್ಳಾರಿ ನಾಲೆ ನಗರದ ಕೊಳಚೆಯನ್ನು ಹೊತ್ತು ಗದ್ದೆಗಳ ನಡುವೆ ಹರಿಯುತ್ತದೆ. ಹುಬ್ಬಳ್ಳಿ-ಧಾರವಾಡದ ಸುತ್ತಲಿನ ರೈತರು ಶುದ್ಧೀಕರಿಸದ ಕೊಳಚೆಯನ್ನೇ ಪಂಪಿನಿಂದ ಎತ್ತಿ ಕಾಯಿಪಲ್ಲೆ ಮುಂತಾದುವನ್ನು ಬೆಳೆಯುತ್ತಿದ್ದುದನ್ನು ಬ್ರಾಡ್‌ಫರ್ಡ್, ಬ್ರೂಕ್ ಮತ್ತು ಹುನಶಾಳ ಎಂಬ ಸಂಶೋಧಕರು 2003ರಲ್ಲಿ ವಿವರಿಸಿದ್ದಾರೆ. ಬೇಸಗೆಯಲ್ಲಿ ಬೇರೆ ನೀರಿಲ್ಲದವನಿಗೆ ಅದೇ ಜೀವನಾಧಾರ. ಅವನನ್ನು ಅಜ್ಞಾನಿಯೆಂದು ಹಳಿಯುವುದು ಸುಲಭ, ನ್ಯಾಯವಲ್ಲ.

ಕೊಳಚೆಯಲ್ಲಿರುವ ಪರೋಪಜೀವಿಗಳಲ್ಲಿ ಮುಖ್ಯವಾದುವು ಜಂತುಹುಳು, ಚಾಟಿಹುಳು ಮತ್ತು ಕೊಕ್ಕೆಹುಳುಗಳ ತತ್ತಿಗಳು. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮವನ್ನು ಭೇದಿಸಿ ಒಳಹೊಕ್ಕು, ಕರುಳಿನಲ್ಲಿ ನೆಲೆಸಿ ರಕ್ತಹೀನತೆಯನ್ನು ತರುತ್ತದೆ. ಜಂತುಹುಳುವಿನ ತತ್ತಿಗೆ ದಪ್ಪವಾದ ಕವಚವಿದೆ. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವಂತವಾಗಿ ಉಳಿಯಬಲ್ಲದು. ಸತ್ತ ಮೇಲೂ ಕೆಲವು ಹುಳುಗಳ ತತ್ತಿಗಳು ಆಕಾರಗೆಡುವುದಿಲ್ಲ. 1910ರಲ್ಲಿ ರಫರ್ ಎಂಬ ವೈದ್ಯನು ಈಜಿಪ್ಟಿನ ಮೂರು ಸಾವಿರ ವರ್ಷಗಳ ಹಿಂದಿನ ಮಮ್ಮಿಗಳ ಮೂತ್ರಪಿಂಡದಲ್ಲಿ ಇನ್ನೊಂದು ಜಾತಿಯ ಹುಳುವಿನ ತತ್ತಿಗಳನ್ನು ಗುರುತಿಸಿದನು. ಇತಿಹಾಸಕಾರನಿಗೆ ಉಪಕಾರ ಮಾಡಿದ ಈ ಗಟ್ಟಿತನವೇ ರೈತನಿಗೆ ಅಪಾಯಕಾರಿ.

ಶುದ್ಧೀಕರಿಸಿದ ನೀರನ್ನು ಸಾಮಾನ್ಯವಾಗಿ ಪರೀಕ್ಷಿಸುವುದು ಮಲಮೂಲದ ಬ್ಯಾಕ್ಟೀರಿಯಾಗಳ ಎಣಿಕೆಯಿಂದ. ಕ್ಲೋರಿನ್ ಹಾಕಿದರೆ ಅವು ಬೇಗ ಸಾಯುತ್ತವೆ, ತತ್ತಿಗಳು ಸಾಯುವುದಿಲ್ಲ. ಶುದ್ಧೀಕರಣ ಘಟಕಗಳಿಗಾಗಿ ಭಾರತ ಸರ್ಕಾರ 2017ರಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿಯೂ ಆಮ್ಲತೆ, ಜೈವಿಕ ಆಮ್ಲಜನಕದ ಬೇಡಿಕೆ, ತೇಲುವ ಘನಕಣ ಮತ್ತು ಈ ಬ್ಯಾಕ್ಟೀರಿಯಾಗಳಿಗೆ ಮಿತಿಯಿತ್ತು; ಹುಳುಗಳ ತತ್ತಿಗೆ ಇರಲಿಲ್ಲ. ಶಾಸನವೊಂದು ಬರಗಾಲದ ಮಾತೆತ್ತಲಿಲ್ಲವೆಂದು ಆ ವರ್ಷ ಸುಭಿಕ್ಷವಾಗಿತ್ತೆಂದು ನಾವು ಬರೆಯುವುದಿಲ್ಲ. ನೀರಿನ ವರದಿಯ ಮೌನವನ್ನೂ ಹಾಗೆಯೇ ಓದಬೇಕು.

ತತ್ತಿಗಳನ್ನು ನೇರವಾಗಿಯೇ ಹುಡುಕಬೇಕು. ವಿಶ್ವ ಆರೋಗ್ಯ ಸಂಸ್ಥೆಯ 1996ರ ಕೈಪಿಡಿಯಲ್ಲಿ ವಿವರಿಸಿದ, ಬೈಲೆಂಜರನ ಪರಿಷ್ಕೃತ ವಿಧಾನ ಹೀಗಿದೆ. ಶುದ್ಧೀಕರಿಸಿದ ನೀರಾದರೆ 10 ಲೀಟರಿನಷ್ಟು ತೆಗೆದುಕೊಂಡು ಒಂದೆರಡು ಗಂಟೆ ಅಲುಗಿಸದೆ ಇಡಬೇಕು. ತತ್ತಿಗಳು ನೀರಿಗಿಂತ ಭಾರವಾದುದರಿಂದ ತಳಕ್ಕೆ ಇಳಿಯುತ್ತವೆ. ಮೇಲಿನ ನೀರನ್ನು ಕೊಳವೆಯಿಂದ ಬಸಿದು, ಉಳಿದ ಗಸಿಯನ್ನು ಯಂತ್ರದಲ್ಲಿ ವೇಗವಾಗಿ ಸುತ್ತಿಸಬೇಕು. ಬಳಿಕ ಆಮ್ಲೀಯ ದ್ರಾವಣವನ್ನೂ ಈಥರನ್ನೂ ಸೇರಿಸಿ ಕುಲುಕಿ ಮತ್ತೆ ಸುತ್ತಿಸಿದರೆ ಜಿಡ್ಡು ಮೇಲೆ ನಿಂತು, ತತ್ತಿಗಳು ತಳದಲ್ಲಿ ಉಳಿಯುತ್ತವೆ. ಈಗ ಆ ಗಸಿಗೆ ಸಾಪೇಕ್ಷ ಸಾಂದ್ರತೆ 1.18 ಇರುವ ಸತು ಸಲ್ಫೇಟಿನ ದ್ರಾವಣವನ್ನು ಹಾಕುತ್ತಾರೆ. ಇದು ತತ್ತಿಗಿಂತ ಭಾರ. ಆದುದರಿಂದ ಮುಳುಗಿದ್ದ ತತ್ತಿ ಈಗ ತೇಲುತ್ತದೆ. ಗೆರೆ ಎಳೆದ ಗಾಜಿನ ಕೋಣೆಯಲ್ಲಿ ಐದು ನಿಮಿಷ ಇಟ್ಟು, ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಎರಡು ತುದಿಗೂ ಬಿರಟೆಯಿರುವುದು ಚಾಟಿಹುಳುವಿನದು. ಉಬ್ಬುತಗ್ಗಿನ ಕಂದು ಕವಚದ್ದು ಜಂತುಹುಳುವಿನದು.

ಇಲ್ಲಿ ಲೆಕ್ಕವೊಂದನ್ನು ಗಮನಿಸಬೇಕು. 10 ಲೀಟರ್ ನೀರು ಕೊನೆಗೆ 5 ಮಿಲಿಲೀಟರ್ ದ್ರಾವಣವಾಯಿತೆನ್ನೋಣ. ಒಂದು ಗಾಜಿನಲ್ಲಿ ಹಿಡಿಸುವುದು 0.3 ಮಿಲಿಲೀಟರ್ ಮಾತ್ರ. ಅದರಲ್ಲಿ ಒಂದೇ ತತ್ತಿ ಕಂಡರೂ ಲೀಟರಿಗೆ ಸುಮಾರು 1.7 ತತ್ತಿಗಳಾದುವು. ನೀರಾವರಿಗೆ ಬಳಸುವ ನೀರಿನಲ್ಲಿ ಲೀಟರಿಗೆ ಸರಾಸರಿ ಒಂದಕ್ಕಿಂತ ಹೆಚ್ಚು ತತ್ತಿ ಇರಕೂಡದೆಂಬುದು ಅದೇ ಸಂಸ್ಥೆಯ 1989ರ ಮಿತಿ. ಎಂದ ಮೇಲೆ ಒಂದು ಗಾಜನ್ನು ನೋಡಿ "ಏನೂ ಇಲ್ಲ" ಎಂದು ಬರೆದ ವರದಿಯಿಂದ ನೀರು ಮಿತಿಯೊಳಗಿದೆಯೆಂದು ಸಿದ್ಧವಾಗುವುದಿಲ್ಲ. ಹಲವು ಗಾಜುಗಳನ್ನು ನೋಡಲೇಬೇಕು.

ಇನ್ನೂ ಚಿಕ್ಕವಾದ ಜಿಯಾರ್ಡಿಯಾ, ಕ್ರಿಪ್ಟೊಸ್ಪೊರಿಡಿಯಮ್ ಮುಂತಾದ ಏಕಕೋಶಿಗಳಿಗೆ ಈ ವಿಧಾನ ಸಾಲದು. ನೀರನ್ನು ಸೂಕ್ಷ್ಮ ಶೋಧಕದಲ್ಲಿ ಸೋಸಿ, ಕಾಂತಕಣಗಳಿಂದ ಹಿಡಿದು, ಹೊಳೆಯುವ ಬಣ್ಣ ಕೊಟ್ಟು ನೋಡಬೇಕು, ಖರ್ಚು ಹೆಚ್ಚು. ಅಮೆರಿಕದ ಮಿಲ್ವಾಕೀ ನಗರದಲ್ಲಿ 1993ರಲ್ಲಿ ಕ್ರಿಪ್ಟೊಸ್ಪೊರಿಡಿಯಮ್ ಕುಡಿಯುವ ನೀರಿನಲ್ಲಿಯೇ ಸೇರಿ ಸುಮಾರು ನಾಲ್ಕು ಲಕ್ಷ ಜನ ಕಾಯಿಲೆ ಬಿದ್ದರು. ಕ್ಲೋರಿನ್ ಅದನ್ನು ತಡೆಯಲಿಲ್ಲ.

ಕಂಡ ತತ್ತಿ ಜೀವಂತವೋ ಅಲ್ಲವೋ ಎಂಬುದು ಮತ್ತೊಂದು ತೊಡಕು. ಜಂತುಹುಳುವಿನ ತತ್ತಿಗಳನ್ನು ಬೆಚ್ಚಗೆ ಮೂರು ನಾಲ್ಕು ವಾರ ಇಟ್ಟು, ಒಳಗೆ ಮರಿ ಚಲಿಸುವುದೋ ಎಂದು ನೋಡಬೇಕಾಗುತ್ತದೆ. ಶೋಧ ಕಠಿಣವಾದರೂ ನಿವಾರಣೆ ಅಷ್ಟು ಕಠಿಣವಲ್ಲ: ಸಾಲು ಹೊಂಡಗಳಲ್ಲಿ ಎಂಟು ಹತ್ತು ದಿನ ನೀರನ್ನು ನಿಲ್ಲಿಸಿದರೆ ತತ್ತಿಗಳು ಬಹುಮಟ್ಟಿಗೆ ತಳ ಸೇರುತ್ತವೆ. ಆದರೆ ಹೊಂಡಗಳಿಗೆ ಬಹಳ ಭೂಮಿ ಬೇಕು. ಬೆಳಗಾವಿಯ ಹತ್ತಿರದ ಹಲಗಾದಲ್ಲಿ ಶುದ್ಧೀಕರಣ ಘಟಕಕ್ಕೆ ಹೊಲಗಳನ್ನು ಬಿಟ್ಟುಕೊಡಲು ರೈತರು ವಿರೋಧಿಸಿದುದು ಇಲ್ಲಿಯವರಿಗೆ ತಿಳಿದ ಸಂಗತಿ.

ದೇಸೂರದ ಹಿರಿಯರಿಗೆ ನಾವು ಮರಳಿ ಹೇಳಿದುದು ಇಷ್ಟು: ನೀರು ಕೊಡುವವರು ವರದಿ ತೋರಿಸಿದಾಗ, ತತ್ತಿಗಳನ್ನು ಎಣಿಸಿದ್ದಾರೆಯೇ, ಎಷ್ಟು ಲೀಟರ್ ನೀರಿನಿಂದ, ಎಷ್ಟು ಗಾಜು ನೋಡಿ ಎಂದು ಕೇಳಿರಿ, ಅಲ್ಲಿಯವರೆಗೆ ಆ ನೀರಿನಲ್ಲಿ ಬರಿಗಾಲಲ್ಲಿ ಇಳಿಯಬೇಡಿರಿ, ಹಸಿಯಾಗಿ ತಿನ್ನುವ ಪಲ್ಲೆಗೆ ಅದನ್ನು ಹಾಯಿಸಬೇಡಿರಿ.